ಪ್ರಸಾದಕುಂಡದ ಶರಣರೂ ಮಕ್ಕಳ ಪುಸ್ತಕಗಳೂ

ಶೂನ್ಯಸಂಪಾದನೆಯನ್ನು ಓದಿದವರಿಗೆ ಮರುಳಶಂಕರದೇವರ ಪ್ರಸಂಗವು ಮರೆಯತಕ್ಕುದಲ್ಲ. ದೂರದ ಅಫಘಾನಿಸ್ಥಾನದಿಂದ ಕಲ್ಯಾಣಕ್ಕೆ ಬಂದವರೆಂದು ಪರಂಪರೆಯು ಹೇಳುವ ಈ ಶರಣರು ಬಸವಣ್ಣನವರ ಮಹಾಮನೆಯ ಪ್ರಸಾದಕುಂಡದ ಬಳಿಯಲ್ಲಿಯೇ ಬಹುವರ್ಷಗಳ ಕಾಲ ಇದ್ದರು. ಅಲ್ಲಿಂದ ಅವರನ್ನು ಯಾರೂ ಹೊರಗಟ್ಟಲಿಲ್ಲ. ಆದರೆ ಯಾರೂ ಗುರುತಿಸಲೂ ಇಲ್ಲ. ಅಲ್ಲಮಪ್ರಭುಗಳು ಬಂದು ತೋರಿಸಿದ ಮೇಲೆಯೇ ತಮ್ಮ ಮನೆಯ ಅಂಗಳದಲ್ಲಿದ್ದ ಮಹಾತ್ಮರನ್ನು ತಾವು ಅರಿಯದೆ ಹೋದೆವೆಂದು ಬಸವಣ್ಣನವರು ಮರುಗಿದರು.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಪ್ರಸಾದನಿಷ್ಠೆಗೆ ನಿದರ್ಶನವಾಗಿ ವಿವರಿಸುತ್ತೇವೆ. ಅದು ಯುಕ್ತವೇ. ಆದರೆ ಮತ್ತೊಂದು ವಿಷಯವೂ ಅದರಲ್ಲಿ ಅಡಗಿದೆ. ಮನದಲ್ಲಿ ದ್ವೇಷವಿಲ್ಲದವರಿಗೂ ಎದುರಿಗಿದ್ದವರು ಕಾಣದೆ ಹೋಗಬಹುದು. ಬಸವಣ್ಣನವರಿಗೇ ಹೀಗಾಯಿತೆಂದರೆ ನಮ್ಮಂತಹವರ ಮಾತೇನು? ನಾವು ಮಕ್ಕಳ ಕೈಗೆ ಕೊಡುವ ಪುಸ್ತಕಗಳಲ್ಲಿ ಯಾರು ಕಾಣುತ್ತಾರೆ, ಯಾರು ಕಾಣುವುದಿಲ್ಲ ಎಂಬುದನ್ನು ಈ ದೃಷ್ಟಿಯಿಂದ ವಿಚಾರಿಸಬೇಕಾಗಿದೆ.

ಇಂತಹ ವಿಚಾರಣೆಯು ಅಮೆರಿಕಾ ದೇಶದಲ್ಲಿ ಬಹಳ ಹಿಂದೆಯೇ ನಡೆಯಿತು. ನ್ಯಾನ್ಸಿ ಲ್ಯಾರಿಕ್ ಎಂಬ ವಿದ್ಯಾಭ್ಯಾಸತಜ್ಞೆಯು 1965ರಲ್ಲಿ ‘ಸ್ಯಾಟರ್ಡೇ ರಿವ್ಯೂ’ ಪತ್ರಿಕೆಯಲ್ಲಿ ಒಂದು ಲೇಖನವನ್ನು ಬರೆದರು. ಪುಸ್ತಕದ ಚಿತ್ರಗಳನ್ನು ನೋಡುತ್ತಿದ್ದ ಐದು ವರ್ಷದ ಕಪ್ಪುವರ್ಣದ ಬಾಲಿಕೆಯೊಬ್ಬಳು, ಇದರಲ್ಲಿ ಯಾವಾಗಲೂ ಬಿಳಿಯ ಮಕ್ಕಳೇ ಏಕೆ ಇರುತ್ತಾರೆಂದು ಕೇಳಿದ್ದೇ ಆ ಲೇಖನದ ಆರಂಭ. ಲ್ಯಾರಿಕ್ ಅವರು ಪ್ರಕಾಶಕರಿಂದ ಲೆಕ್ಕ ತರಿಸಿದರು. ಮೂರು ವರ್ಷಗಳಲ್ಲಿ ಅಚ್ಚಾದ 5,206 ಮಕ್ಕಳ ಪುಸ್ತಕಗಳ ಪೈಕಿ ಒಬ್ಬನಾದರೂ ಕಪ್ಪುವರ್ಣದ ವ್ಯಕ್ತಿಯು ಬರುವಂತಹವು 349 ಮಾತ್ರ. ಎಂದರೆ ಶೇಕಡ 6.7. ಅವುಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚಿನವು ಪರದೇಶದ ಅಥವಾ ಗತಕಾಲದ ಕಥೆಗಳು. ಅಂದಿನ ಅಮೆರಿಕಾದಲ್ಲಿ ನೆರೆಮನೆಯಲ್ಲಿಯೇ ವಾಸಿಸುತ್ತಿದ್ದ ಕಪ್ಪುವರ್ಣದವರನ್ನು ಚಿತ್ರಿಸಿದ ಪುಸ್ತಕಗಳು ನೂರಕ್ಕೆ ಒಂದೂ ತುಂಬಲಿಲ್ಲ! ಇದರಿಂದ ಕಪ್ಪು ಮಗುವಿಗೆ ಆಗುವ ಹಾನಿಯು ಸ್ಪಷ್ಟವೇ ಇದೆ. ಬಿಳಿಯ ಮಗುವಿಗೆ ಆಗುವ ಹಾನಿಯು ಅದಕ್ಕಿಂತಲೂ ಹೆಚ್ಚಿನದಿರಬಹುದೆಂದು ಅವರು ಎಚ್ಚರಿಸಿದರು. ಲೋಕವೆಲ್ಲ ತನ್ನಂತೆಯೇ ಇದೆಯೆಂದು ತಿಳಿದು ಬೆಳೆದ ಮಗುವಿಗೆ ವಿನಯವು ಎಲ್ಲಿಂದ ಬರಬೇಕು?

ಈ ಕೊರತೆಯನ್ನು ತುಂಬಿದ ಪುಸ್ತಕವೊಂದು ಅಷ್ಟರಲ್ಲಿಯೇ ಪ್ರಕಟವಾಗಿತ್ತು. ಎಜ್ರಾ ಜ್ಯಾಕ್ ಕೀಟ್ಸ್ ಎಂಬವರು 1962ರಲ್ಲಿ ರಚಿಸಿದ ‘ದಿ ಸ್ನೋಯಿ ಡೇ’ಯಲ್ಲಿ ಪೀಟರ್ ಎಂಬ ಪುಟ್ಟ ಬಾಲಕನು ಹಿಮ ಬಿದ್ದ ದಿನ ಹೊರಗೆ ಹೋಗಿ ಆಡುತ್ತಾನೆ; ಹಿಮದ ಉಂಡೆಯನ್ನು ಕಿಸೆಯಲ್ಲಿಟ್ಟುಕೊಂಡು ಮನೆಗೆ ಬಂದು, ಅದು ಕರಗಿಹೋದುದಕ್ಕೆ ದುಃಖಿಸುತ್ತಾನೆ. ಕಥೆ ಇಷ್ಟೇ. ಬಾಲಕನು ಕಪ್ಪುವರ್ಣದವನೆಂಬುದು ಚಿತ್ರದಲ್ಲಿ ಕಾಣುತ್ತದೆಯೇ ಹೊರತು ಬರಹದಲ್ಲಿ ಎಲ್ಲಿಯೂ ಹೇಳಲ್ಪಟ್ಟಿಲ್ಲ. ಅವನು ಯಾರ ಕರುಣೆಯನ್ನೂ ಬೇಡುವುದಿಲ್ಲ, ಯಾರಿಗೂ ನೀತಿಪಾಠವಾಗುವುದಿಲ್ಲ. ಬಂದವನನ್ನು ಯಾರ ಮನೆಯವನೆಂದು ವಿಚಾರಿಸದೆ ನಮ್ಮ ಮನೆಯ ಮಗನೆಂದೇ ಎಣಿಸಬೇಕೆಂಬ ಬಸವಬೋಧೆಯ ಸೊಗಸನ್ನು ನಾನು ಈ ಪರದೇಶದ ಪುಸ್ತಕದಲ್ಲಿ ಕಂಡೆನೆಂದರೆ ವಾಚಕರು ಅತಿಶಯೋಕ್ತಿಯೆಂದು ಭಾವಿಸಬಾರದು.

ಆದರೆ ಚಿತ್ರದಲ್ಲಿ ಕಂಡರೆ ಸಾಲದು. ಬರೆಯುವವರು ಯಾರೆಂಬ ಪ್ರಶ್ನೆಯೂ ಉಂಟು. ಕೀಟ್ಸ್ ಅವರೇ ಕಪ್ಪುವರ್ಣದವರಲ್ಲ. ಪೋಲೆಂಡಿನಿಂದ ವಲಸೆ ಬಂದ ಯಹೂದ್ಯ ದಂಪತಿಗಳ ಮಗ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರವು 1985ರಲ್ಲಿ ಲೆಕ್ಕ ಹಾಕಿದಾಗ, ಆ ವರ್ಷ ಅಮೆರಿಕಾದಲ್ಲಿ ಪ್ರಕಟವಾದ ಸುಮಾರು 2,500 ಮಕ್ಕಳ ಪುಸ್ತಕಗಳಲ್ಲಿ ಕಪ್ಪುವರ್ಣದವರು ಬರೆದ ಅಥವಾ ಚಿತ್ರಿಸಿದವು ಕೇವಲ 18 ಇದ್ದುವು. ಈ ಸಂಗತಿಯು ವಚನಗಳನ್ನು ಓದುವ ನಮಗೆ ಬೇಗನೆ ಅರ್ಥವಾಗಬೇಕು. ಅಂಬಿಗರ ಚೌಡಯ್ಯನವರ ವಿಷಯವಾಗಿ ಬೇರೊಬ್ಬ ಪಂಡಿತನು ಕಾವ್ಯ ಬರೆಯಲೆಂದು ಕಲ್ಯಾಣವು ಕಾದು ಕುಳಿತಿರಲಿಲ್ಲ, ಅಂಬಿಗರೇ ನುಡಿದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ಅಕ್ಕಿ ಆಯುವ ಲಕ್ಕಮ್ಮನವರು ತಾವೇ ನುಡಿದರು. ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದರೆಂದು ಪ್ರಸಿದ್ಧರಾದ ಮೋಳಿಗೆಯ ಮಾರಯ್ಯನವರು ಕಟ್ಟಿಗೆ ಮಾರಿ ಬದುಕಿ, ಕನ್ನಡದಲ್ಲಿಯೇ ವಚನಗಳನ್ನು ರಚಿಸಿದರು.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಗಳ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಪೋರ್ಚುಗೀಸರೂ ಅರಬ್ಬೀ ವ್ಯಾಪಾರಿಗಳೂ ಆಫ್ರಿಕಾದಿಂದ ದಾಸರನ್ನಾಗಿ ತಂದವರ ಸಂತತಿಯವರು. ಅವರಲ್ಲಿ ಹಿಂದುಗಳೂ, ಕ್ರೈಸ್ತರೂ, ಮುಸಲ್ಮಾನರೂ ಇದ್ದಾರೆ. ಕೊಂಕಣಿಯೊಡನೆ ಕನ್ನಡವೂ ಅವರ ನುಡಿ. ಆ ಜಿಲ್ಲೆಯ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡದಲ್ಲಿ ಸೇರಿಸಲಾಯಿತು. ಅಲ್ಲಿಯ ಗುಂಗುರುಕೂದಲಿನ ಬಾಲಿಕೆಯು ಕನ್ನಡ ಶಾಲೆಯ ಮಣೆಯ ಮೇಲೆ ಕುಳಿತು ಕಥೆಯ ಪುಸ್ತಕವನ್ನು ತೆರೆದಾಗ, ತನ್ನ ಅಜ್ಜಿ ಹೊಲಿಯುವ ಕೌದಿಯನ್ನಾಗಲಿ, ಹಬ್ಬದ ರಾತ್ರಿ ಬಾರಿಸುವ ಡಮಾಮಿಯನ್ನಾಗಲಿ ಎಷ್ಟು ಪುಟಗಳಲ್ಲಿ ಕಂಡಾಳು? ಬಿಳಿಗಿರಿಯ ಸೋಲಿಗರ ಹುಡುಗನಿಗೂ ಇದೇ ಪ್ರಶ್ನೆ. ಕಂಡರೂ ಕುಣಿಯುವವರಾಗಿಯೋ, ಜೇನು ಕೀಳುವವರಾಗಿಯೋ ಕಾಣುವುದುಂಟು; ಲೆಕ್ಕ ತಪ್ಪಿ ಗುರುಗಳಿಂದ ಗದರಿಸಿಕೊಳ್ಳುವ, ತಮ್ಮನೊಡನೆ ಜಗಳವಾಡುವ ಮಗುವಾಗಿ ಕಾಣುವುದು ಅಪರೂಪ.

ಶರಣರ ಚರಿತ್ರೆಗಳನ್ನು ಮಕ್ಕಳಿಗಾಗಿ ಅಚ್ಚು ಹಾಕಿಸುವ ನಾವೂ ಈ ದೋಷದಿಂದ ಮುಕ್ತರೇನೂ ಅಲ್ಲ. ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಮಡಿವಾಳ ಮಾಚಿದೇವ, ಯಾರ ಚಿತ್ರವನ್ನು ನೋಡಿದರೂ ಒಂದೇ ಬಿಳುಪಿನ ಮುಖ, ಒಂದೇ ವಿಭೂತಿ, ಒಂದೇ ಮಡಿವಸ್ತ್ರ. ಚರ್ಮ ಹದಮಾಡುವ ಕೈಯನ್ನು ಚಿತ್ರಕಾರನು ನೋಡಿಯೇ ಇಲ್ಲವೆಂದು ತೋರುತ್ತದೆ. ಮುಂದಿನ ಮುದ್ರಣಕ್ಕೆ ಮೊದಲು ಅವನನ್ನು ಕೆಲವು ದಿನ ಆಯಾ ಕಾಯಕದವರ ಓಣಿಗಳಿಗೆ ಕಳುಹಿಸುವುದು ದೊಡ್ಡ ವೆಚ್ಚವಲ್ಲ. ಆ ಓಣಿಯಲ್ಲಿಯೇ ಬರೆಯಬಲ್ಲ ತರುಣನೋ ತರುಣಿಯೋ ದೊರೆತರೆ, ಬರಹವನ್ನೂ ಅವರಿಗೇ ಒಪ್ಪಿಸಬಹುದು. ಮರುಳಶಂಕರದೇವರ ಕಥೆಯಿಂದಲೇ ಈ ಕೆಲಸವನ್ನು ಆರಂಭಿಸಬಹುದೆಂದು ನನಗೆ ತೋರುತ್ತದೆ.