ಮೂರು ತಿಂಗಳ ಮುನ್ಸೂಚನೆ

ನೋಡಮ್ಮ, ನಿಮ್ಮಪ್ಪನಿಗೆ ಪೇಸ್‌ಮೇಕರ್ ಹಾಕಿ ಎಂಟು ವರ್ಷವಾಯಿತು. "ಆರಾಮಾಗಿದ್ದೀನಿ, ಈಗ್ಯಾಕೆ ಚೆಕಪ್ಪು" ಅಂತ ತಪ್ಪಿಸಿಕೊಳ್ಳುತ್ತಿದ್ದಾರಂತೆ. ನನ್ನ ಎದೆಯಲ್ಲೂ ಅದೇ ಯಂತ್ರವಿದೆ, ಒಂದು ಸಲ ಬದಲಾಯಿಸಿಕೊಂಡೂ ಆಗಿದೆ. ಅದಕ್ಕೇ ಹೇಳುತ್ತೇನೆ ಕೇಳು. ಬ್ಯಾಟರಿ ಇಳಿಯುತ್ತಿರುವುದು ಮೈಗೆ ತಿಳಿಯುವುದಿಲ್ಲ. ಆರಾಮಾಗಿರುವುದನ್ನು ನಂಬಿಕೊಂಡು ಕೂರಬಾರದು.

ಚೆಕಪ್ಪಿನಲ್ಲಿ ಸೂಜಿ ಚುಚ್ಚುವುದಿಲ್ಲ. ಚರ್ಮದ ಮೇಲಿಂದ ಅಂಗೈಯಗಲದ ಸಾಧನವೊಂದನ್ನು ಹಿಡಿಯುತ್ತಾರೆ, ಪಕ್ಕದ ಪರದೆಯ ಮೇಲೆ ಎಲ್ಲ ಬರುತ್ತದೆ: ಬ್ಯಾಟರಿ ಇನ್ನೆಷ್ಟು ಕಾಲ ಬರಬಹುದು, ವೈರುಗಳು ಸರಿಯಿವೆಯೇ, ಶೇಕಡಾ ಎಷ್ಟು ಬಡಿತಕ್ಕೆ ಹೃದಯ ಯಂತ್ರವನ್ನು ನೆಚ್ಚಿದೆ. ಈ ಕೊನೆಯ ಅಂಕಿಯನ್ನು ನೀನೇ ಕೇಳಿ ಬರೆದಿಟ್ಟುಕೋ. ಅದು 100ರ ಹತ್ತಿರವಿದ್ದರೆ ಬ್ಯಾಟರಿ ಬೇಗ ಸವೆಯುತ್ತದೆ, ಒಂದು ದಿನವೂ ಉದಾಸೀನ ಸಲ್ಲದು. ಸಾಮಾನ್ಯವಾಗಿ 8ರಿಂದ 12 ವರ್ಷ ಬರುತ್ತದೆ. ಆದರೂ ಪಕ್ಕದ ಮನೆಯವರದ್ದು ಇಷ್ಟು ವರ್ಷ ಬಂತು ಅನ್ನುವ ಲೆಕ್ಕ ನಿಮಗೆ ಹೊಂದದು.

ಬ್ಯಾಟರಿ ಕೊನೆಗೆ ಬಂದಾಗ ಯಂತ್ರವೇ ಬದಲಾಯಿಸುವ ಸೂಚನೆ ಕೊಡುತ್ತದೆ. ಅಲ್ಲಿಂದ ಸುಮಾರು ಮೂರು ತಿಂಗಳ ಅವಕಾಶ. ಆದರೆ ವರ್ಷಗಟ್ಟಲೆ ಆಸ್ಪತ್ರೆ ಕಡೆ ತಲೆಹಾಕದಿದ್ದರೆ ಆ ಸೂಚನೆಯನ್ನು ಓದುವವರು ಯಾರು? ಕೆಲವು ಯಂತ್ರಗಳು ಆಗ ತಾವೇ ಸರಳ ಬಡಿತಕ್ಕೆ ಇಳಿಯುತ್ತವೆ. ಕೆಲವರಿಗೆ ಸುಸ್ತು, ಏದುಸಿರು ಕಾಣಿಸುತ್ತದೆ. "ವಯಸ್ಸಾಯ್ತಲ್ಲ" ಅಂತ ಅದನ್ನು ತಳ್ಳಿಹಾಕಬೇಡ. ತಲೆಸುತ್ತು ಬಂದರೆ, ಕಣ್ಣು ಕತ್ತಲಿಟ್ಟರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಟಾರ್ಚಿನ ಸೆಲ್ಲು ತೆಗೆದು ಹಾಕಿದಂತಲ್ಲ ಈ ಬದಲಾವಣೆ. ಬ್ಯಾಟರಿ ಒಳಗೇ ಬೆಸೆದಿರುತ್ತದೆ, ಆದ್ದರಿಂದ ಇಡೀ ಡಬ್ಬಿಯನ್ನೇ ಬದಲಾಯಿಸುತ್ತಾರೆ. ವೈರುಗಳು ಚೆನ್ನಾಗಿದ್ದರೆ ಅವೇ ಮುಂದುವರಿಯುತ್ತವೆ. ಸಾಮಾನ್ಯವಾಗಿ ಆ ಜಾಗವನ್ನಷ್ಟೇ ಮರಗಟ್ಟಿಸಿ, ಹಳೆಯ ಗಾಯದ ಹತ್ತಿರವೇ ಕೊಯ್ದು ಮಾಡುವ ಕೆಲಸ, ಮೊದಲ ಸಲದಷ್ಟು ದೊಡ್ಡದಲ್ಲ. ಆದರೆ ಸೋಂಕಿನ ಭಯ ಮೊದಲ ಸಲಕ್ಕಿಂತ ಹೆಚ್ಚು. ಜ್ವರವಿದ್ದರೆ, ಮೈಮೇಲೆ ಕುರುವೋ ಗಾಯವೋ ಇದ್ದರೆ ಮುಚ್ಚಿಡದೆ ಹೇಳಿ. ಸಕ್ಕರೆಯನ್ನು ಹತೋಟಿಗೆ ತನ್ನಿ. ರಕ್ತ ತೆಳುಮಾಡುವ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಅದನ್ನು ಡಾಕ್ಟರೇ ಹೇಳಬೇಕು.

ಅಪ್ಪನಿಗೆ ಮತ್ತೆ ಮತ್ತೆ ಕೊಯ್ಸಿಕೊಳ್ಳುವ ಅಳುಕಿದ್ದರೆ ಆರ್ನೆ ಲಾರ್ಸನ್ ಕಥೆ ಹೇಳು. 1958ರಲ್ಲಿ ಸ್ವೀಡನ್ನಿನಲ್ಲಿ ದೇಹದೊಳಗೆ ಪೇಸ್‌ಮೇಕರ್ ಹಾಕಿಸಿಕೊಂಡ ಮೊದಲ ಮನುಷ್ಯ ಅವರು. ಆ ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಯಂತ್ರ ಬದಲಾಯಿಸಿಕೊಂಡು 2001ರವರೆಗೆ, 86 ವರ್ಷ ಬಾಳಿದರು.

ಒಂದು ವರ್ಷದಷ್ಟು ಬ್ಯಾಟರಿ ಉಳಿದಿದೆ ಅಂದಾಗಲೇ ಖರ್ಚಿನ ಅಂದಾಜು ಕೇಳು, ವಿಮೆಯಲ್ಲಿ ಏನು ಸಿಗುತ್ತದೆ ನೋಡು. ಮನೆಯಲ್ಲಿ ಮದುವೆಯಿದ್ದರೆ, ಅಪ್ಪ ದೂರದ ಪ್ರಯಾಣ ಹೊರಟಿದ್ದರೆ ಡಾಕ್ಟರಿಗೆ ಮೊದಲೇ ತಿಳಿಸು. ಪೇಸ್‌ಮೇಕರ್ ಕಾರ್ಡಿನ ಫೋಟೊ ನಿನ್ನ ಮೊಬೈಲಿನಲ್ಲೂ ಇರಲಿ. ಈ ವಾರವೇ ಫೋನ್ ಮಾಡಿ ಚೆಕಪ್ಪಿಗೆ ದಿನ ಗೊತ್ತುಮಾಡು. ಹೋಗುವಾಗ ಹಳೆಯ ರಿಪೋರ್ಟು ಮರೆಯಬೇಡ.