ನೀರಿನಲ್ಲಿ ಕ್ಯಾಲೊರಿ ಇದೆಯೇ? ಉಪವಾಸಿಗ ಕಾರ್ಮಿಕರಿಗೆ ಒಂದು ಆರೋಗ್ಯ ಪಾಠ



ದುಬೈಯ ಸೋನಾಪುರ ಇರಲಿ, ಅಲ್ ಕೂಝ್ ಇರಲಿ, ಅಬುಧಾಬಿಯ ಮುಸಫ್ಫಾ ಇರಲಿ, ರಮಝಾನ್ ಬಂತೆಂದರೆ ರೂಮಿನಲ್ಲಿ ಊಟದ ಮಾತು ಹೆಚ್ಚು. "ಸಹರಿಗೆ ನೀರು ಜಾಸ್ತಿ ಕುಡಿಯಬೇಡ, ಹೊಟ್ಟೆ ಬರುತ್ತದೆ" ಎಂದು ಒಬ್ಬರು ಹೇಳುತ್ತಾರೆ. "ಎರಡು ಲೀಟರ್ ಒಟ್ಟಿಗೆ ಕುಡಿದುಬಿಡು, ಸಂಜೆವರೆಗೆ ಬಾಯಾರಿಕೆಯೇ ಇಲ್ಲ" ಎಂದು ಇನ್ನೊಬ್ಬರು. ಮೊಬೈಲಿನಲ್ಲಿ ಡಯಟ್ ವೀಡಿಯೊ ನೋಡಿದ ಹುಡುಗನೊಬ್ಬನ ಪ್ರಶ್ನೆಯೇ ಬೇರೆ: "ನೀರಿನಲ್ಲಿ ಕ್ಯಾಲೊರಿಯೇ ಇಲ್ಲವಂತಲ್ಲ, ಹಾಗಾದರೆ ನೀರು ಕುಡಿದರೆ ಉಪವಾಸ ಯಾಕೆ ಮುರಿಯಬೇಕು?"

ಈ ಮೂರೂ ಮಾತುಗಳ ಹಿಂದೆ ಇರುವುದು ಒಂದೇ ವಿಷಯ. ನೀರು ದೇಹಕ್ಕೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ? ಬಿಸಿಲಿನಲ್ಲಿ ದುಡಿಯುವ ನಮಗೆ ಇದು ಬರೀ ಪುಸ್ತಕದ ಪಾಠವಲ್ಲ. ಇದನ್ನು ತಪ್ಪಾಗಿ ತಿಳಿದವರು ಸೈಟಿನಲ್ಲಿ ತಲೆಸುತ್ತಿ ಬೀಳಬಹುದು.

ಕ್ಯಾಲೊರಿ ಎಂದರೇನು?

ಕ್ಯಾಲೊರಿ ಒಂದು ವಸ್ತುವಲ್ಲ, ಅದು ಒಂದು ಅಳತೆ. ಬಟ್ಟೆಗೆ ಮೀಟರ್, ಅಕ್ಕಿಗೆ ಕಿಲೋ ಇದ್ದಂತೆ ಶಾಖಕ್ಕೆ, ಶಕ್ತಿಗೆ ಕ್ಯಾಲೊರಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಬೇಕಾದ ಶಾಖವೇ ಒಂದು ಕಿಲೋಕ್ಯಾಲೊರಿ. ಆಹಾರದ ವಿಷಯದಲ್ಲಿ ನಾವು ಸುಮ್ಮನೆ "ಕ್ಯಾಲೊರಿ" ಎನ್ನುವುದು ಇದನ್ನೇ. ನೋಡಿ, ಅಳತೆಗೋಲು ಮಾಡಿದ್ದು ನೀರಿನಿಂದ. ಆದರೆ ನೀರಿನಲ್ಲಿ ಕ್ಯಾಲೊರಿ ಸೊನ್ನೆ.

ಯಾಕೆಂದರೆ ದೇಹಕ್ಕೆ ಶಕ್ತಿ ಬರುವುದು ಮುಖ್ಯವಾಗಿ ಮೂರು ಪದಾರ್ಥಗಳಿಂದ. ಅನ್ನ, ರೊಟ್ಟಿ, ಸಕ್ಕರೆಯಂಥ ಪಿಷ್ಟದ ಒಂದು ಗ್ರಾಂನಿಂದ 4 ಕ್ಯಾಲೊರಿ. ಮೀನು, ಮೊಟ್ಟೆ, ಬೇಳೆಯಲ್ಲಿರುವ ಪ್ರೋಟೀನಿನ ಒಂದು ಗ್ರಾಂನಿಂದಲೂ 4. ಎಣ್ಣೆ, ತುಪ್ಪದ ಒಂದು ಗ್ರಾಂನಿಂದ 9. ನೀರಿನಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಆದ್ದರಿಂದ ನೀರು ಎಷ್ಟು ಕುಡಿದರೂ ಅದು ಕೊಬ್ಬಾಗುವುದಿಲ್ಲ.

ನಿಮ್ಮ ಕೈಯಲ್ಲಿರುವ ನೀರಿನ ಬಾಟಲಿಯನ್ನು ತಿರುಗಿಸಿ ನೋಡಿ. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂದು ಬರೆದಿರಬಹುದು. ಇವು ಲವಣಗಳು. ಕ್ಯಾಲ್ಸಿಯಂ ಮತ್ತು ಕ್ಯಾಲೊರಿ ಎರಡೂ ಕೇಳಲು ಒಂದೇ ತರಹ ಇದ್ದರೂ ಒಂದಕ್ಕೊಂದು ಸಂಬಂಧವಿಲ್ಲ. ಲವಣ ದೇಹಕ್ಕೆ ಬೇಕು, ಆದರೆ ಅದರಿಂದ ಶಕ್ತಿ ಬರುವುದಿಲ್ಲ.

ಹಾಗಾದರೆ ನೀರು ಕುಡಿದರೆ ಉಪವಾಸ ಯಾಕೆ ಮುರಿಯುತ್ತದೆ?

ಡಯಟ್ ಮಾಡುವವರ ಉಪವಾಸ ಕ್ಯಾಲೊರಿಯ ಲೆಕ್ಕ. ಅಲ್ಲಿ ನೀರಿಗೆ ಅನುಮತಿ ಇದೆ, ಯಾಕೆಂದರೆ ಅದರಲ್ಲಿ ಲೆಕ್ಕಕ್ಕೆ ಬರುವಂಥದ್ದು ಏನೂ ಇಲ್ಲ. ನಮ್ಮ ಉಪವಾಸ ಇಬಾದತ್. ಮುಂಜಾವಿನಿಂದ ಸೂರ್ಯಾಸ್ತದವರೆಗೆ ಅನ್ನ, ಪಾನೀಯ, ದಾಂಪತ್ಯ ಸಂಬಂಧ ಎಲ್ಲವನ್ನೂ ಅಲ್ಲಾಹನಿಗಾಗಿ, ನಿಯ್ಯತ್ ಮಾಡಿ ಬಿಟ್ಟಿರುವುದು. ಪವಿತ್ರ ಕುರ್‌ಆನಿನ ಅಲ್ ಬಕರಾ ಅಧ್ಯಾಯದ 187ನೇ ಸೂಕ್ತದಲ್ಲಿ ತಿನ್ನುವುದಕ್ಕೂ ಕುಡಿಯುವುದಕ್ಕೂ ಒಂದೇ ಮಿತಿ ಇದೆ. ಹಸಿವನ್ನು ತಾಳಿಕೊಳ್ಳಬಹುದು, ಬಾಯಾರಿಕೆ ತಾಳುವುದು ಕಷ್ಟ. ಸೈಟಿನ ವಾಟರ್ ಕೂಲರ್ ಮುಂದೆ ಯಾರೂ ಇಲ್ಲದಾಗಲೂ ಲೋಟ ಎತ್ತದೆ ಬರುವ ನಿಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಮರೆತು ಕುಡಿದರೆ ಉಪವಾಸ ಮುರಿಯುವುದಿಲ್ಲ ಎಂದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ನೆನಪಾದ ಕೂಡಲೇ ನಿಲ್ಲಿಸಬೇಕು. ಅದೇ ಒಂದು ಲೋಟ ನೀರು, ಅದೇ ಸೊನ್ನೆ ಕ್ಯಾಲೊರಿ. ನೆನಪಿದ್ದು ಕುಡಿದರೆ ಉಪವಾಸ ಹೋಯಿತು, ಮರೆತು ಕುಡಿದರೆ ಉಳಿಯಿತು. ಇಲ್ಲಿ ಲೆಕ್ಕ ಹೊಟ್ಟೆಯದ್ದಲ್ಲ, ಮನಸ್ಸಿನದ್ದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ರೂಮಿನಲ್ಲಿ ಕೇಳಿಬರುವ ತಪ್ಪು ತಿಳಿವಳಿಕೆಗಳು

1. "ನೀರು ಕುಡಿದರೆ ದಪ್ಪ ಆಗುತ್ತದೆ."

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಕುಡಿದು ತಕ್ಕಡಿ ಹತ್ತಿದರೆ ಒಂದು ಕಿಲೋ ಹೆಚ್ಚು ತೋರಿಸುತ್ತದೆ. ಇಡೀ ದಿನ ಬೆವರಿ ಮಗ್ರಿಬ್‌ಗೆ ಮೊದಲು ಹತ್ತಿದರೆ ಕಡಿಮೆ ತೋರಿಸುತ್ತದೆ. ಎರಡೂ ನೀರಿನ ತೂಕ, ಕೊಬ್ಬಿನದ್ದಲ್ಲ. "ಉಪವಾಸದಲ್ಲಿ ಒಂದೇ ದಿನಕ್ಕೆ ತೂಕ ಇಳಿಯಿತು" ಎಂದು ಖುಷಿಪಡುವವರು ನಿಜವಾಗಿ ಕಳೆದುಕೊಂಡದ್ದು ದೇಹಕ್ಕೆ ಬೇಕಾದ ನೀರನ್ನು.

2. "ತಣ್ಣೀರು ಕೊಬ್ಬನ್ನು ಗಟ್ಟಿ ಮಾಡುತ್ತದೆ", "ಐಸ್ ನೀರು ಕೊಬ್ಬು ಕರಗಿಸುತ್ತದೆ."

ಎರಡೂ ಸರಿಯಲ್ಲ. ಕುಡಿದ ನೀರು ಸ್ವಲ್ಪ ಹೊತ್ತಿನಲ್ಲೇ ದೇಹದ 37 ಡಿಗ್ರಿ ಶಾಖಕ್ಕೆ ಬರುತ್ತದೆ. 5 ಡಿಗ್ರಿಯ ಒಂದು ಲೀಟರ್ ನೀರನ್ನು ಹೀಗೆ ಬಿಸಿ ಮಾಡಲು ದೇಹಕ್ಕೆ ಖರ್ಚಾಗುವುದು ಬರೀ 32 ಕ್ಯಾಲೊರಿ. ಒಂದು ಸಣ್ಣ ಖರ್ಜೂರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಿಮಗೆ ಹಿತವಾಗುವಷ್ಟು ತಂಪಿನ ನೀರು ಕುಡಿಯಿರಿ.

3. "ಸಹರಿಗೆ ಎರಡು ಲೀಟರ್ ಕುಡಿದರೆ ಸಂಜೆವರೆಗೆ ಸಾಕು."

ದೇಹದಲ್ಲಿ ನೀರಿನ ಟ್ಯಾಂಕ್ ಇಲ್ಲ. ಒಮ್ಮೆಗೇ ಹೆಚ್ಚು ಕುಡಿದರೆ ಕಿಡ್ನಿ ಅದನ್ನು ಒಂದೆರಡು ಗಂಟೆಯಲ್ಲಿ ಮೂತ್ರವಾಗಿ ಹೊರಗೆ ಹಾಕುತ್ತದೆ. ಬಸ್ಸಿನಲ್ಲಿ ಸೈಟಿಗೆ ಹೋಗುವಾಗ ಒದ್ದಾಟ, ಸೈಟಿಗೆ ಮುಟ್ಟುವಾಗ ನೀರೂ ಇಲ್ಲ. ಇಫ್ತಾರ್‌ನಿಂದ ಸಹರಿಯವರೆಗೆ ಹಂಚಿ ಕುಡಿಯುವುದೇ ದಾರಿ.

4. "ಜೇನು ಹಾಕಿದ ಬಿಸಿನೀರು ಕೊಬ್ಬು ಕರಗಿಸುತ್ತದೆ, ಬೆಲ್ಲ ಶುಗರ್ ಇರುವವರಿಗೆ ಆಗುತ್ತದೆ."

ಜೇನು ಒಳ್ಳೆಯ ಆಹಾರ, ಸಂಶಯವಿಲ್ಲ. ಆದರೆ ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 60 ಕ್ಯಾಲೊರಿ ಇದೆ. ನೀರಿಗೆ ಅದನ್ನು ಸೇರಿಸಿದರೆ ಕ್ಯಾಲೊರಿ ಹೆಚ್ಚುತ್ತದೆಯೇ ಹೊರತು ಕರಗುವುದಿಲ್ಲ. ಬೆಲ್ಲದ ಹೆಚ್ಚಿನ ಪಾಲು ಸಕ್ಕರೆಯೇ. ಡಯಾಬಿಟಿಸ್ ಇರುವವರು ಮೋಸ ಹೋಗಬಾರದು.

5. "ಎನರ್ಜಿ ಡ್ರಿಂಕ್ ಕುಡಿದರೆ ಮರುದಿನ ಕೆಲಸಕ್ಕೆ ಬಲ."

250 ಮಿಲಿ ಲೀಟರಿನ ಸಾಮಾನ್ಯ ಕ್ಯಾನಿನಲ್ಲಿ ಸುಮಾರು 27 ಗ್ರಾಂ ಸಕ್ಕರೆ, 80 ಮಿಲಿ ಗ್ರಾಂ ಕೆಫೀನ್ ಇರುತ್ತದೆ. ಸಕ್ಕರೆಯ ಬಲ ಸ್ವಲ್ಪ ಹೊತ್ತಿಗೆ ಮುಗಿಯುತ್ತದೆ. ಕೆಫೀನ್ ನಿಮಗಿರುವ ನಾಲ್ಕೈದು ಗಂಟೆಯ ನಿದ್ದೆಯನ್ನೂ ಕೆಡಿಸುತ್ತದೆ. 2017ರ ಅಕ್ಟೋಬರಿನಲ್ಲಿ ಯುಎಇ ಸರಕಾರ ಗ್ಯಾಸ್ ತುಂಬಿದ ಪಾನೀಯಗಳಿಗೆ ಶೇಕಡಾ 50, ಎನರ್ಜಿ ಡ್ರಿಂಕ್‌ಗಳಿಗೆ ಶೇಕಡಾ 100 ಅಬಕಾರಿ ತೆರಿಗೆ ಹಾಕಿತು. ಅದು ಜನರ ಆರೋಗ್ಯವನ್ನು ನೋಡಿ ಹಾಕಿದ ತೆರಿಗೆ.

ಕ್ಯಾಲೊರಿ ಎಲ್ಲಿಂದ ಬರುತ್ತದೆ?

ನೀರಿನಿಂದಲ್ಲ, ನೀರಿನಲ್ಲಿ ಕಲಸಿದ್ದರಿಂದ. ಒಂದು ಲೆಕ್ಕ ಮಾಡೋಣ. 330 ಮಿಲಿ ಲೀಟರಿನ ಒಂದು ಕೋಲಾ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇದೆ, ಅಂದರೆ 140 ಕ್ಯಾಲೊರಿ. ಪ್ರತಿ ರಾತ್ರಿ ಎರಡು ಕ್ಯಾನ್ ಕುಡಿದರೆ 280. ಮೂವತ್ತು ದಿನಕ್ಕೆ 8,400. ದೇಹದಲ್ಲಿ ಒಂದು ಕಿಲೋ ಕೊಬ್ಬು ಸೇರಲು ಸುಮಾರು 7,700 ಕ್ಯಾಲೊರಿ ಸಾಕು. ಉಪವಾಸ ಹಿಡಿದೂ ಈದ್ ಹೊತ್ತಿಗೆ ಪ್ಯಾಂಟ್ ಬಿಗಿಯಾಗುವ ಗುಟ್ಟು ಇದೇ. ಕಲಸಿದ ಶರಬತ್ತು, ಪೌಡರ್ ಜ್ಯೂಸ್, ಮೂರು ಚಮಚ ಸಕ್ಕರೆಯ ಕರಕ್ ಚಾಯ್ ಎಲ್ಲದರ ಕಥೆಯೂ ಹೀಗೆಯೇ. ಅಂಥ ಚಾಯ್ ರಾತ್ರಿಗೆ ನಾಲ್ಕು ಕುಡಿದರೆ ಹನ್ನೆರಡು ಚಮಚ, ಸುಮಾರು 50 ಗ್ರಾಂ ಸಕ್ಕರೆ ಒಳಗೆ ಹೋಯಿತು. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗರಿಷ್ಠ ಮಿತಿ ಇಷ್ಟೇ. ಇದರ ಅರ್ಧದಲ್ಲಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು ಎಂದು ಅದೇ ಸಂಸ್ಥೆ ಹೇಳುತ್ತದೆ.

ಹಾಗೆಂದು ಕ್ಯಾಲೊರಿ ಶತ್ರುವಲ್ಲ. ಕಬ್ಬಿಣ ಕಟ್ಟುವವರಿಗೆ, ಬ್ಲಾಕ್ ಹೊರುವವರಿಗೆ ಅದು ಬೇಕೇ ಬೇಕು. ಆದರೆ ಅದು ಕುಚ್ಚಲಕ್ಕಿ ಗಂಜಿ, ಚಪಾತಿ, ಜೋಳದ ರೊಟ್ಟಿ, ಬೇಳೆ, ಮೊಟ್ಟೆ, ಮೀನು, ಬಾಳೆಹಣ್ಣಿನಿಂದ ಬರಲಿ. ಇವು ನಿಧಾನವಾಗಿ ಕರಗುತ್ತವೆ, ಹೆಚ್ಚು ಹೊತ್ತು ಬಲ ಕೊಡುತ್ತವೆ. ಕರಿದ ಸಮೋಸ, ಪಕೋಡ ಒಂದೆರಡಕ್ಕೆ ಸಾಕು. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ ಇದೆ ಮತ್ತು ಉಪ್ಪು ಖಾರದ ಕರಿದ ತಿಂಡಿ ಬಾಯಾರಿಕೆಯನ್ನೂ ಹೆಚ್ಚಿಸುತ್ತದೆ.

ಇಫ್ತಾರ್‌ನಿಂದ ಸಹರಿಯವರೆಗೆ

ಪ್ರವಾದಿ(ಸ) ಅವರು ಹಸಿ ಖರ್ಜೂರದಿಂದ, ಅದಿಲ್ಲದಿದ್ದರೆ ಒಣ ಖರ್ಜೂರದಿಂದ, ಅದೂ ಇಲ್ಲದಿದ್ದರೆ ಕೆಲವು ಗುಟುಕು ನೀರಿನಿಂದ ಉಪವಾಸ ಬಿಡುತ್ತಿದ್ದರು ಎಂದು ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಖರ್ಜೂರದ ಸಕ್ಕರೆ ಬೇಗ ರಕ್ತಕ್ಕೆ ಸೇರುತ್ತದೆ, ನೀರು ಒಣಗಿದ ದೇಹವನ್ನು ನೆನೆಸುತ್ತದೆ. ಈ ಸುನ್ನತ್ತಿಗೆ ಖರ್ಚೂ ಇಲ್ಲ. ಮಸೀದಿಯ ಇಫ್ತಾರ್ ಟೆಂಟಿನಲ್ಲಿ ಕೊಡುವ ಖರ್ಜೂರ, ನೀರು, ಲಬನ್, ಹಣ್ಣನ್ನು ಮೊದಲು ಮುಗಿಸಿ, ಬಿರಿಯಾನಿ ಆಮೇಲೆ.

ನೀರನ್ನು ಹೀಗೆ ಹಂಚಿಕೊಳ್ಳಿ:

ಇಫ್ತಾರ್‌ಗೆ ಎರಡು ಲೋಟ.
ಮಗ್ರಿಬ್ ನಮಾಝ್ ಆದ ಮೇಲೆ ಊಟದ ಜೊತೆ ಒಂದು.
ತರಾವೀಹ್‌ಗೆ ಮೊದಲು ಒಂದು, ಆದ ಮೇಲೆ ಒಂದು.
ಮಲಗುವ ಮೊದಲು ಒಂದೆರಡು.
ಸಹರಿಗೆ ಎದ್ದಾಗ ಎರಡು.

ಹೀಗೆ ಎಂಟು ಒಂಬತ್ತು ಲೋಟ, ಸುಮಾರು ಎರಡು ಲೀಟರ್ ಆಗುತ್ತದೆ. ಹೊರಗೆ ಬಿಸಿಲಿನಲ್ಲಿ ಕೆಲಸ ಮಾಡುವವರಿಗೆ ಇನ್ನೂ ಹೆಚ್ಚು ಬೇಕು. ಸಾಕಾಯಿತೇ ಎಂದು ತಿಳಿಯಲು ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸರಿ. ಸುಲೈಮಾನಿ ಚಾಯಿಯಂತೆ ಗಾಢವಾಗಿದ್ದರೆ ನೀರು ಸಾಲದು. ಗಲ್ಫಿನಲ್ಲಿ ಎಷ್ಟೋ ಮಂದಿಗೆ ಕಿಡ್ನಿ ಸ್ಟೋನ್ ಆಗಲು ನೀರು ಕಡಿಮೆ ಕುಡಿಯುವುದು ಒಂದು ದೊಡ್ಡ ಕಾರಣ.

ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿದರೆ ಆ ಉಪ್ಪು ತುಂಬುವುದಿಲ್ಲ. ಲಬನ್, ಉಪ್ಪು ಹಾಕಿದ ಗಂಜಿ, ಸಾರು ಇದಕ್ಕೆ ಒಳ್ಳೆಯದು. ಬಿಪಿ, ಹೃದಯ, ಕಿಡ್ನಿ ಕಾಯಿಲೆ ಇರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ನೀರು, ಉಪ್ಪು, ಮದ್ದಿನ ಸಮಯದ ಬಗ್ಗೆ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ.

ಬಿಸಿಲಿನಲ್ಲಿ ಅಪಾಯ ಬಂದರೆ

ರಮಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2015ರಲ್ಲಿ ಅದು ಜೂನ್, ಜುಲೈಯ ಉರಿಬಿಸಿಲಿನಲ್ಲಿತ್ತು. ಹಳಬರಿಗೆ ಆ ದಿನಗಳು ನೆನಪಿವೆ. ಬೇಸಿಗೆಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ನೇರ ಬಿಸಿಲಿನ ಕೆಲಸಕ್ಕೆ ಇಲ್ಲಿ ನಿಷೇಧವಿದೆ. ರಮಝಾನಿನಲ್ಲಿ ದಿನದ ಕೆಲಸ ಎರಡು ಗಂಟೆ ಕಡಿಮೆ ಇರಬೇಕು ಎಂಬುದೂ ಕಾನೂನು. ಆ ಸಮಯವನ್ನು ಮೊಬೈಲಿಗೆ ಕೊಡಬೇಡಿ, ನೆರಳಿಗೂ ನಿದ್ದೆಗೂ ಕೊಡಿ. ಸೆಖೆ ಜಾಸ್ತಿಯಾದರೆ ತಲೆಗೆ ನೀರು ಸುರಿದುಕೊಳ್ಳಬಹುದು, ಉಪವಾಸ ಮುರಿಯುವುದಿಲ್ಲ. ಪ್ರವಾದಿ(ಸ) ಅವರೂ ಉಪವಾಸದಲ್ಲಿ ಹಾಗೆ ಮಾಡಿದ್ದು ಹದೀಸಿನಲ್ಲಿದೆ.

ತಲೆನೋವು, ತಲೆಸುತ್ತು, ವಾಂತಿ, ಕಾಲಿನ ಸೆಳೆತ ಶುರುವಾದರೆ ಕೆಲಸ ನಿಲ್ಲಿಸಿ, ನೆರಳಿಗೆ ಹೋಗಿ, ಫೋರ್‌ಮ್ಯಾನಿಗೆ ಹೇಳಿ. ಜೊತೆಗಾರನ ಮೈ ಕೆಂಡದಂತೆ ಬಿಸಿಯಾಗಿ, ಮಾತು ತೊದಲಿದರೆ, ಯಾರು ಎತ್ತ ಎಂಬುದು ಗೊತ್ತಾಗದಿದ್ದರೆ ಅದು ಹೀಟ್ ಸ್ಟ್ರೋಕ್. ಕೂಡಲೇ 998ಕ್ಕೆ ಆಂಬ್ಯುಲೆನ್ಸ್ ಕರೆಯಿರಿ. ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಇಂಥ ಹೊತ್ತಿನಲ್ಲಿ "ಇನ್ನು ಎರಡೇ ಗಂಟೆ, ತಾಳಿಕೊಳ್ಳುತ್ತೇನೆ" ಎನ್ನುವುದು ಈಮಾನಿನ ಬಲವಲ್ಲ. ಜೀವಕ್ಕೆ ಅಪಾಯವಾದಾಗ ಉಪವಾಸ ಬಿಡುವುದೇ ಕರ್ತವ್ಯ. ರೋಗಿಗೂ ಪ್ರಯಾಣಿಕನಿಗೂ ಬೇರೆ ದಿನಗಳಲ್ಲಿ ಕಝಾ ತೀರಿಸುವ ವಿನಾಯಿತಿಯನ್ನು ಅಲ್ಲಾಹನೇ ಅಲ್ ಬಕರಾದ 184 ಮತ್ತು 185ನೇ ಸೂಕ್ತಗಳಲ್ಲಿ ಕೊಟ್ಟಿದ್ದಾನೆ. 2010ರ ಆಗಸ್ಟಿನ ರಮಝಾನಿನಲ್ಲಿ ಈ ದೇಶದ ಅಧಿಕೃತ ಧಾರ್ಮಿಕ ಇಲಾಖೆಯೂ ಸಹಿಸಲಾಗದ ಬಿಸಿಲಿನಲ್ಲಿ ದುಡಿಯುವವರು ಉಪವಾಸ ಬಿಡಬಹುದೆಂದು ಫತ್ವಾ ನೀಡಿತ್ತು. ನಿಮ್ಮ ವಿಷಯದಲ್ಲಿ ಸಂಶಯವಿದ್ದರೆ ಮಸೀದಿಯ ಉಸ್ತಾದರನ್ನು ಇಂದೇ ಕೇಳಿಟ್ಟುಕೊಳ್ಳಿ.

ಇಂದಿನ ಪಾಠದ ಸಾರ

ನೀರಿನಲ್ಲಿ ಕ್ಯಾಲೊರಿ ಇಲ್ಲ. ಅದು ಕೊಬ್ಬನ್ನೂ ಕೊಡುವುದಿಲ್ಲ, ಬಲವನ್ನೂ ಕೊಡುವುದಿಲ್ಲ. ಆದರೆ ತಿಂದ ಅನ್ನದ ಬಲ ಕೈಕಾಲಿಗೆ ಮುಟ್ಟಬೇಕಾದರೆ, ಬೆವರು ಬಂದು ಮೈ ತಣ್ಣಗಾಗಬೇಕಾದರೆ ನೀರೇ ಬೇಕು. ಹಗಲು ಅದನ್ನು ಅಲ್ಲಾಹನಿಗಾಗಿ ಬಿಡಿ. ರಾತ್ರಿ ಹೆದರದೆ, ಅವಸರ ಮಾಡದೆ ಹಂಚಿ ಕುಡಿಯಿರಿ. ನಿಮ್ಮ ದೇಹ ನಿಮ್ಮ ಬಳಿ ಇರುವ ಅಮಾನತ್. ಉಪ್ಪಿನಂಗಡಿಯಲ್ಲೋ, ಭಟ್ಕಳದಲ್ಲೋ, ಕಲಬುರಗಿಯಲ್ಲೋ ಒಂದು ಮನೆ ಅದನ್ನೇ ನಂಬಿ ಕಾಯುತ್ತಿದೆ.

ಇಂದು ಇಫ್ತಾರ್ ಹೊತ್ತಿಗೆ ಒಂದು ಕೆಲಸ ಮಾಡಿ. ಸಫ್ರದ ಮೇಲಿರುವ ಪ್ರತಿ ಬಾಟಲಿಯ ಹಿಂಬದಿಯನ್ನು ರೂಮಿನವರೆಲ್ಲ ಸೇರಿ ಓದಿ. ಓದಲು ಬಾರದವರಿಗೆ ಓದಿ ಹೇಳಿ. ಯಾವುದರಲ್ಲಿ ಎಷ್ಟು ಸಕ್ಕರೆ ಇದೆ ಎಂದು ತಿಳಿದ ಮೇಲೆ ಮೊದಲ ಲೋಟಕ್ಕೆ ಯಾವುದನ್ನು ಸುರಿಯಬೇಕೆಂದು ನೀವೇ ನಿರ್ಧರಿಸಿ.

ಅಲ್ಲಾಹನು ನಮ್ಮೆಲ್ಲರ ಉಪವಾಸವನ್ನು ಸ್ವೀಕರಿಸಲಿ, ಆರೋಗ್ಯವಂತರಾಗಿ ಊರಿಗೆ ಮರಳುವ ಭಾಗ್ಯ ಕೊಡಲಿ. ಆಮೀನ್.