ದಂಪತಿಯ ಕೋಣೆಗೆ ಹೊಸ ರೂಪ: ಬಣ್ಣಕ್ಕೆ ಮೊದಲು ಆಗಬೇಕಾದ ಕೆಲಸಗಳು

ಹಾಸನ ಜಿಲ್ಲೆಯ ಮನೆಗಳಲ್ಲಿ ನಡುಮನೆಗೂ ಅಡುಗೆಮನೆಗೂ ಸಲ್ಲುವಷ್ಟು ಗಮನ ದಂಪತಿಯ ಮಲಗುವ ಕೋಣೆಗೆ ಸಲ್ಲುವುದು ಅಪರೂಪ. ನೆಂಟರ ಕಣ್ಣಿಗೆ ಬೀಳದ ಜಾಗವೆಂಬ ಕಾರಣಕ್ಕೆ ರಾಗಿ ಮೂಟೆ, ಹಳೆಯ ಟ್ರಂಕು, ಬಳಸದ ಹಾಸಿಗೆಗಳೆಲ್ಲ ಅಲ್ಲಿಗೇ ಬಂದು ಸೇರುತ್ತವೆ. ಇಂತಹ ಕೋಣೆಯನ್ನು ಗಂಡಹೆಂಡತಿ ಕೂಡಿ ಹೊಸದಾಗಿ ಅಣಿಗೊಳಿಸಲು ಹೊರಟಾಗ ಮೊದಲು ಏಳುವ ಪ್ರಶ್ನೆ ಬಣ್ಣದ್ದು, ಮೊದಲ ಭಿನ್ನಾಭಿಪ್ರಾಯವೂ ಅದರದ್ದೇ. ಆದರೆ ಕೆಲಸದ ಕ್ರಮದಲ್ಲಿ ಬಣ್ಣದ ಸರದಿ ಕೊನೆಯದು. ಅದಕ್ಕೆ ಮುಂಚಿನ ಕೆಲಸಗಳನ್ನು ಇಬ್ಬರೂ ಕುಳಿತು ತೀರ್ಮಾನಿಸಿದ್ದರೆ ಬಣ್ಣದ ಆಯ್ಕೆ ಸುಲಭವಾಗುತ್ತದೆ.

ಮೊದಲು ಗೊತ್ತುಮಾಡಬೇಕಾದದ್ದು ಕಾಲ. ಸಮುದ್ರಮಟ್ಟದಿಂದ 3000 ಅಡಿಗೂ ಹೆಚ್ಚು ಎತ್ತರದಲ್ಲಿರುವ ಹಾಸನದಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಗೋಡೆ ಸರಿಯಾಗಿ ಒಣಗುವುದಿಲ್ಲ. ಮಲೆನಾಡಿನ ಸೆರಗಿನಲ್ಲಿರುವ ಅರಕಲಗೂಡಿನ ಕಡೆ ಈ ತೊಂದರೆ ಹೆಚ್ಚು, ಬಯಲುಸೀಮೆಯ ಚನ್ನರಾಯಪಟ್ಟಣದಲ್ಲಿ ಕಡಿಮೆ. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ಹಾಸನಾಂಬೆಯ ಗುಡಿಯ ಬಾಗಿಲು ತೆರೆದರೆ ದೀಪಾವಳಿ ಮುಗಿಯುವವರೆಗೂ ಊರಿನ ಮನೆಗಳಿಗೆ ನೆಂಟರು ಬಂದುಹೋಗುತ್ತಿರುತ್ತಾರೆ; ಆದ್ದರಿಂದ ಅದು ಕಳೆದ ಮೇಲೆ ಕೆಲಸ ಹಿಡಿದು ಯುಗಾದಿಯೊಳಗೆ ಮುಗಿಸುವುದು ಎಲ್ಲ ರೀತಿಯಿಂದಲೂ ಅನುಕೂಲ.

ಎರಡನೆಯದು ಗೋಡೆಯ ತೇವದ ಪರೀಕ್ಷೆ. ಇದನ್ನು ಬಿಟ್ಟು ಬಣ್ಣ ಬಳಿಸಿದ ಹಣ ಒಂದೇ ಮಳೆಗಾಲದಲ್ಲಿ ಹಕ್ಕಳೆಯಾಗಿ ನೆಲಕ್ಕೆ ಉದುರುತ್ತದೆ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಬಿಗಿಯಾಗಿ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಟ್ಟು ತೆಗೆದಾಗ ಹಾಳೆಯ ಒಳಮೈಯಲ್ಲಿ ನೀರಿನ ಹನಿಗಳಿದ್ದರೆ ತೇವ ಗೋಡೆಯೊಳಗಿನಿಂದಲೇ ಬರುತ್ತಿದೆಯೆಂದೂ, ಹೊರಮೈಯಲ್ಲಿ ಮಾತ್ರ ಇದ್ದರೆ ಕೋಣೆಯ ಗಾಳಿಯ ತೇವವೆಂದೂ ತಿಳಿಯಬೇಕು. ಮೊದಲನೆಯದಕ್ಕೆ ಮಾಳಿಗೆಯ ಸೋರಿಕೆ, ಪಕ್ಕದ ಬಚ್ಚಲುಮನೆಯ ಪೈಪು ಅಥವಾ ತಳಪಾಯದಿಂದ ಮೇಲೇರುವ ನೀರು ಕಾರಣವಾಗಿರುವುದರಿಂದ ಮೂಲವನ್ನು ಸರಿಪಡಿಸದೆ ಬೇರೆ ದಾರಿಯಿಲ್ಲ. ಎರಡನೆಯದಕ್ಕೆ ಕಿಟಕಿ ತೆರೆದು ಗಾಳಿಯಾಡಿಸುವುದು, ಮಂಚ ಮತ್ತು ಬೀರುವನ್ನು ಗೋಡೆಯಿಂದ ಮೂರು ಅಂಗುಲ ದೂರವಿಡುವುದು ಎಷ್ಟೋ ಮಟ್ಟಿಗೆ ಪರಿಹಾರ. ಬೀರುವಿನ ಹಿಂದಿನ ಗೋಡೆಯಲ್ಲಿ ಕಪ್ಪು ಚುಕ್ಕೆಗಳಾಗಿ ಹರಡುವ ಬೂಷ್ಟು ಅಲ್ಲಿ ಗಾಳಿ ಸುಳಿಯದ್ದರಿಂದಲೇ ಬೆಳೆಯುತ್ತದೆ.

ಹೊಳೆನರಸೀಪುರ, ಅರಕಲಗೂಡು ಕಡೆಯ ಹಳ್ಳಿಗಳಲ್ಲಿ ಇಂದಿಗೂ ಉಳಿದಿರುವ ಮಣ್ಣಿನ ಗೋಡೆಯ ಹೆಂಚಿನ ಮನೆಗಳ ಮಾತು ಬೇರೆ. ಮಣ್ಣಿನ ಗೋಡೆ ತೇವವನ್ನು ಹೀರಿ ಮತ್ತೆ ಹೊರಬಿಡುವ ಗುಣದ್ದು. ಅದರ ಮೇಲೆ ಸಿಮೆಂಟಿನ ಪುಟ್ಟಿ, ಅಂದರೆ ಗೋಡೆ ನುಣುಪಾಗಲು ಮೆತ್ತುವ ಬಿಳಿಯ ಹಿಟ್ಟಿನ ಲೇಪ, ಮತ್ತು ಪ್ಲಾಸ್ಟಿಕ್ ಅಂಶದ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗಾರೆ ಸಮೇತ ಕಳಚಿಬೀಳುತ್ತದೆ. ಇಂತಹ ಗೋಡೆಗೆ ಸುಣ್ಣವೇ ಸರಿ. ಹಿಂದಿನಿಂದಲೂ ಯುಗಾದಿಗೆ ಬಳಿಯುತ್ತ ಬಂದದ್ದು ಬಡತನದ ಗುರುತಲ್ಲ, ಗೋಡೆಯ ಸ್ವಭಾವ ಅರಿತ ಜಾಣತನ. ಕೆಂಪು ಗಾರೆಯ ನೆಲ ಗಟ್ಟಿಯಾಗಿದ್ದರೆ ಅದನ್ನೂ ಒಡೆದು ಟೈಲ್ಸ್ ಹಾಕಿಸಬಾರದು, ಏಕೆಂದರೆ ಅಂತಹ ನೆಲ ತಿಕ್ಕಿ ಹೊಳಪು ತರಬಲ್ಲ ಕೆಲಸಗಾರರು ಈಗ ಸಿಗುವುದು ಕಷ್ಟ.

ಮೂರನೆಯದು ಅಳತೆ ಮತ್ತು ಜಾಗದ ಹಂಚಿಕೆ. ದಂಪತಿ ನಿಜಕ್ಕೂ ಹೊತ್ತು ಕೊಡಬೇಕಾದದ್ದು ಇಲ್ಲಿ. 10 ಅಡಿ ಅಗಲ, 12 ಅಡಿ ಉದ್ದದ ಕೋಣೆಯಲ್ಲಿ ಆರಡಿ ಅಗಲದ ಮಂಚ ಹಾಕಿದರೆ ಎರಡೂ ಬದಿಗೆ ಎರಡೆರಡು ಅಡಿ ಮಾತ್ರ ಉಳಿಯುತ್ತದೆ, ಐದಡಿಯದಾದರೆ ಎರಡೂವರೆ. ಮಂಚವನ್ನು ಗೋಡೆಗೆ ಒತ್ತಿದರೆ ಒಬ್ಬರು ಪ್ರತಿದಿನ ಇನ್ನೊಬ್ಬರನ್ನು ದಾಟಿಯೇ ಇಳಿಯಬೇಕಾಗುತ್ತದೆ, ಆ ಒಬ್ಬರು ಹೆಚ್ಚಿನ ಮನೆಗಳಲ್ಲಿ ಬೆಳಗ್ಗೆ ಮೊದಲು ಏಳುವ ಹೆಂಡತಿ. ಸೀಮೆಸುಣ್ಣದಿಂದ ನೆಲದ ಮೇಲೆ ಮಂಚ, ಬೀರುಗಳ ಗುರುತು ಹಾಕಿ ಇಬ್ಬರೂ ಓಡಾಡಿ ನೋಡಿದರೆ ಸಾಮಾನು ಕೊಳ್ಳುವ ಮೊದಲೇ ತಪ್ಪು ಗೊತ್ತಾಗುತ್ತದೆ. ಮದುವೆಯಲ್ಲಿ ತವರಿನಿಂದ ಬಂದ ಬೀರು, ಅಜ್ಜಿಯ ಕಾಲದ ಬೀಟೆ ಮರದ ಮಂಚ ಇವುಗಳ ವಿಷಯದಲ್ಲಿ ಒಬ್ಬರೇ ತೀರ್ಮಾನ ತೆಗೆದುಕೊಳ್ಳುವುದು ತರವಲ್ಲ. ಬೀಟೆಯನ್ನಂತೂ ಮಾರುವುದಕ್ಕಿಂತ ಪಾಲಿಶ್ ಮಾಡಿಸಿ ಉಳಿಸಿಕೊಳ್ಳುವುದು ಲೇಸು. ಉತ್ತರಕ್ಕೆ ತಲೆಹಾಕಬಾರದೆಂಬ ನಂಬಿಕೆ ಮನೆಯ ಹಿರಿಯರಿಗಿದ್ದರೆ ಅದನ್ನೂ ಈ ಹಂತದಲ್ಲೇ ಕೇಳಿಕೊಳ್ಳಬೇಕು, ಏಕೆಂದರೆ ಮಂಚದ ತಲೆಯ ಕಡೆ ಗೊತ್ತಾದ ಮೇಲೆಯೇ ಸ್ವಿಚ್ಚಿನ ಜಾಗ ಗೊತ್ತಾಗುವುದು. ಒಂದೇ ದೀಪವನ್ನು ಬಾಗಿಲ ಬಳಿಯಿಂದಲೂ ಮಂಚದ ಬಳಿಯಿಂದಲೂ ಹೊತ್ತಿಸಿ ಆರಿಸಬಲ್ಲ ಟೂ-ವೇ ಸ್ವಿಚ್, ಎರಡೂ ಬದಿಗೆ ಓದಲು ಒಂದೊಂದು ಪುಟ್ಟ ದೀಪ, ಇವಕ್ಕಾಗಿ ಗೋಡೆ ಕೊರೆಯುವ ಕೆಲಸ ಪುಟ್ಟಿಗೆ ಮೊದಲೇ ಮುಗಿಯಬೇಕು.

ಇನ್ನು ಬಣ್ಣ. ಮೇಲೆ ಹೇಳಿದ ಕೋಣೆ 10 ಅಡಿ ಎತ್ತರವಿದ್ದರೆ ಗೋಡೆಗಳು 440 ಚದರ ಅಡಿ. ಒಂದು ಬಾಗಿಲು, ಎರಡು ಕಿಟಕಿ ಕಳೆದರೆ ಸುಮಾರು 387. ನೀರಿನಲ್ಲಿ ಕಲಸುವ ಎಮಲ್ಷನ್ ಬಣ್ಣ ಲೀಟರಿಗೆ ಎರಡು ಕೋಟಿನಂತೆ ಹೆಚ್ಚುಕಡಿಮೆ 60 ಚದರ ಅಡಿಗೆ ಬರುವುದರಿಂದ ಏಳು ಲೀಟರ್ ಸಾಕು. ಇಬ್ಬರೂ ಮೂರು ಮೂರು ಬಣ್ಣ ಸೂಚಿಸಿ, ಒಬ್ಬರಿಗೆ ಸಹಿಸಲಾಗದ್ದನ್ನು ಮರುಮಾತಿಲ್ಲದೆ ಕೈಬಿಟ್ಟು, ಉಳಿದವುಗಳನ್ನು ಗೋಡೆಯ ಮೇಲೆ ಎರಡಡಿ ಚೌಕದಲ್ಲಿ ಬಳಿದು ಹಗಲಿನ ಬೆಳಕಿನಲ್ಲೂ ರಾತ್ರಿಯ ದೀಪದಲ್ಲೂ ನೋಡಿ ಆರಿಸುವುದು ನ್ಯಾಯವಾದ ಕ್ರಮ.

ಹಳೆಯ ಬಾಗಿಲು, ಕಿಟಕಿಗಳ ಎನಾಮೆಲ್ ಬಣ್ಣವನ್ನು ಒಣದಾಗಿ ಉಜ್ಜಿಸಬಾರದು. ಗೃಹಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ಭಾರತದ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸ ಹೆಚ್ಚಿರುವ ಸಾಧ್ಯತೆಯಿದೆ. ನೀರು ಚಿಮುಕಿಸಿ ಉಜ್ಜಿಸಬೇಕು, ಕೆಲಸ ಮುಗಿದು ವಾಸನೆ ಹೋಗುವವರೆಗೆ ಗರ್ಭಿಣಿಯರನ್ನೂ ಮಕ್ಕಳನ್ನೂ ಆ ಕೋಣೆಯಲ್ಲಿ ಮಲಗಿಸಬಾರದು.